‘ಈ ಮಳೇಲಿ ಹೋಗಿ ಏನು ಸಿಗುತ್ತೆ ಸಾರ್?’

ಮೇ ತಿಂಗಳಲ್ಲಿ ನಾನು ಸ್ಕೂಟರ್ ತೆಗೆದರೆ ಸಾಕು, ಬೀದಿಯಲ್ಲಿ ಯಾರಾದರೂ ಕೇಳುತ್ತಾರೆ: "ಈ ಗಾಳಿ ಮಳೇಲಿ ಜಕ್ಕಲಮಡುಗು ಡ್ಯಾಮ್ ಹತ್ರ ಹಕ್ಕಿ ನೋಡೋಕೆ ಹೋಗಿ ಏನು ಸಿಗುತ್ತೆ ಸಾರ್?" ಹೇಳಿ ಹೇಳಿ ಸಾಕಾಗಿದೆ. ಇವತ್ತು ಬರೆದೇಬಿಡುತ್ತೇನೆ.

ಮೊದಲನೇದಾಗಿ, ಆ ‘ಸಿಗುತ್ತೆ’ ಅನ್ನೋ ಮಾತೇ ನನಗೆ ಆಗುವುದಿಲ್ಲ. ನಾನು ಹೋಗ್ತಿರೋದು ಸಂತೆಗಲ್ಲ. "ಚಳಿಗಾಲದಲ್ಲಿ ಹೋಗಿ, ವಿದೇಶಿ ಹಕ್ಕಿ ಬರುತ್ತವೆ" ಅಂತ ಬುದ್ಧಿ ಹೇಳುವವರೂ ಇದ್ದಾರೆ. ಗೊತ್ತು. ಅವು ಬೇಸಿಗೆ ಏರುವ ಹೊತ್ತಿಗೆ ಹೊರಟುಹೋಗುತ್ತವೆ. ಇಲ್ಲೇ ಹುಟ್ಟಿ ಇಲ್ಲೇ ಬಾಳುವ ಹಕ್ಕಿಗಳೂ ಹಕ್ಕಿಗಳೇ ಅಲ್ವಾ?

ಬೇಸಿಗೆ ಕೊನೆಗೆ ನೀರು ಇಳಿದು ಡ್ಯಾಮಿನ ಅಂಗಳ ಬಯಲಾಗಿರುತ್ತದೆ. ಆ ಬೋಳು ನೆಲದಲ್ಲೇ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗೂಡು ಕಟ್ಟುವುದಿಲ್ಲ. ಒಂದು ಸಣ್ಣ ಗುಳಿ, ಸುತ್ತ ನಾಲ್ಕು ಬೆಣಚುಕಲ್ಲು, ಕೆಲವು ಸಲ ಒಣಗಿದ ಆಡಿನ ಹಿಕ್ಕೆ, ಅಷ್ಟೇ. ಮೂರೋ ನಾಲ್ಕೋ ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಾವು ಕೂರುವುದು ಸುಮಾರು 28 ದಿನ. ನೆಲ ಸುಡುವಾಗ ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ.

ಅವತ್ತು ಕೃತ್ತಿಕೆ ಮಳೆ. ಬೆಟ್ಟದ ಸಾಲು ಕಾಣದ ಹಾಗೆ ಮೋಡ ಕವಿಯಿತು. ಗಾಳಿ ಎದ್ದು ಕವಲುತೋಕೆ ಹಕ್ಕಿಗಳೆಲ್ಲ ನೀರಿನ ಮಟ್ಟಕ್ಕೆ ಇಳಿದವು. ಆಮೇಲೆ ಆಲಿಕಲ್ಲು. ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರು ಹೆಸರು ಕೇಳಿದರೇ ನಡುಗುತ್ತಾರಲ್ಲ, ಅಂಥದ್ದು. ಸಿಡಿಲಿಗೆ ಹೆದರಿ ಮರದ ಕೆಳಗೆ ಹೋಗಲಿಲ್ಲ. ಏರಿ ಬುಡದಲ್ಲಿ ಹೆಲ್ಮೆಟ್ ಹಾಕಿಕೊಂಡೇ ಕುಕ್ಕರಗಾಲಲ್ಲಿ ಕೂತೆ. ತಲೆ ಮೇಲೆ ಟಪಟಪ ಸದ್ದು. ದುರ್ಬೀನಿನಲ್ಲಿ ಮೊಟ್ಟೆ ಮೇಲೆ ಕೂತಿದ್ದ ಒಂದು ಟಿಟ್ಟಿಭ ಕಾಣುತ್ತಿತ್ತು. ಅದರ ತಲೆಗೆ ಹೆಲ್ಮೆಟ್ ಇರಲಿಲ್ಲ. ಗಾಳಿಗೆ ಮುಖ ಕೊಟ್ಟು, ರೆಕ್ಕೆ ಸ್ವಲ್ಪ ಸಡಿಲ ಬಿಟ್ಟು ಕೂತಿತ್ತು. ಒಂದೊಂದು ಕಲ್ಲು ಬೆನ್ನಿಗೆ ಬಿದ್ದಾಗಲೂ ಕಣ್ಣು ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಏಳಲಿಲ್ಲ. ಹತ್ತು ನಿಮಿಷ ಒಂದೇ ಸಮನೆ ಹೊಡೆಯಿತು. ಅದು ಏಳಲೇ ಇಲ್ಲ.

ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. "ಫೋಟೋ ತೆಗೆದ್ರಾ?" ಅಂತಾರೆ. "ನಿಮಗೆ ಜ್ವರ ಬರಲಿಲ್ವಾ?" ಅಂತಾರೆ. "ಆ ಮೊಟ್ಟೆ ಏನಾಯ್ತು?" ಅಂತ ಒಬ್ಬರೂ ಕೇಳಲಿಲ್ಲ. ನನಗೆ ಬೇಕಿದ್ದದ್ದು ಆ ಪ್ರಶ್ನೆ.

ಎರಡು ವಾರ ಬಿಟ್ಟು ಹೋದೆ. ಅಂಗಳದ ತುಂಬ ಬೈಕ್ ಚಕ್ರದ ಗುರುತು. ನೀರಿಲ್ಲ ಅಂದ ಕೂಡಲೇ ಅದು ಖಾಲಿ ಮೈದಾನ ಅಂದುಕೊಂಡು ಓಡಿಸುತ್ತಾರೆ. ಒಂದು ಗುರುತು ಆ ಗುಳಿಯಿಂದ ಒಂದು ಮಾರು ದೂರದಲ್ಲೇ ಹಾದಿತ್ತು. ನನಗೆ ಎದೆ ಧಸಕ್ ಅಂತು. ಗುಳಿಯಲ್ಲಿ ಮೊಟ್ಟೆ ಇರಲಿಲ್ಲ.

ಅಷ್ಟರಲ್ಲಿ ಗಂಡು ಹೆಣ್ಣು ಎರಡೂ ನನ್ನ ತಲೆ ಮೇಲೆ ಕೂಗುತ್ತಾ ಸುತ್ತತೊಡಗಿದವು. ಕೆಳಗೆ ನೋಡಿದೆ. ಒಂದು ಕಲ್ಲಿನ ಮಗ್ಗುಲಲ್ಲಿ ಹತ್ತಿಯುಂಡೆಯಂಥ ಮರಿ, ನೆಲಕ್ಕೆ ಅಂಟಿಕೊಂಡು ಕೂತಿತ್ತು. ಹೆಜ್ಜೆ ನೋಡಿಕೊಂಡು ಹಿಂದೆ ಸರಿದೆ. ಕೂಗು ನಿಲ್ಲಲಿಲ್ಲ. ಏರಿ ಹತ್ತಿದ ಮೇಲೇ ನಿಂತಿತು.