ಬಣ್ಣ ಹಿಡಿಯದ ವೆಲ್

ಕಾಸರಗೋಡಿನಲ್ಲಿ ಮಳೆಗಾಲವೆಂದರೆ ಡೆಂಗಿ ಕಾಲ. ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಗೆರಟೆ, ಎಲ್ಲಿ ನೀರು ನಿಂತರೂ ಸೊಳ್ಳೆ ಮರಿ. ಆ ದಿನ ಲ್ಯಾಬಿನ ಮೇಜಿನ ಮೇಲಿದ್ದದ್ದೂ ಡೆಂಗಿಯೇ. 24 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ವೀರೋ ಎಂಬ ಕೋತಿ ಮೂತ್ರಪಿಂಡದ ಜೀವಕೋಶಗಳು, ಸೋಂಕು ಹಾಕಿ ಐದು ದಿನ. ಉಳಿದ ಜೀವಕೋಶಗಳಿಗೆ ಬಣ್ಣ ಹಿಡಿಸುವ ಕ್ರಿಸ್ಟಲ್ ವೈಲೆಟ್ ತೊಳೆದು ಪ್ಲಾಕ್ (ವೈರಸ್ ಜೀವಕೋಶ ಕೊಂದು ಮಾಡಿದ ಬಣ್ಣವಿಲ್ಲದ ತೂತು) ಎಣಿಸುವುದಷ್ಟೇ ಬಾಕಿ.

ಪ್ರಶ್ನೆ ಇಷ್ಟೆ: ಜೀವಕೋಶದೊಳಗಿನ ಸಾಗಣೆ ನಿಲ್ಲಿಸಿದರೆ ವೈರಸ್ ಹೊರಬರುವುದೂ ನಿಲ್ಲುತ್ತದೆಯೇ? ಡೆಂಗಿ ವೈರಸ್ ರೂಪುಗೊಳ್ಳುವುದು ಜೀವಕೋಶದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಗಳ ಜಾಲದಲ್ಲಿ. ಅಲ್ಲಿಂದ ಪ್ರೋಟೀನು ವಿಂಗಡಿಸಿ ಕಳಿಸುವ ಗಾಲ್ಗಿಗೆ ಹೋಗಿ, ಫ್ಯೂರಿನ್ ಕಿಣ್ವದ ಕತ್ತರಿಗೆ ಸಿಕ್ಕಿ, ಬಲಿತು ಹೊರಬೀಳುತ್ತದೆ. ಬ್ರೆಫೆಲ್ಡಿನ್ ಎ ಎಂಬ ಔಷಧ ಈ ದಾರಿಗೇ ಅಡ್ಡ. ಅದು ಹಿಡಿಯುವುದು ವೈರಸ್ಸನ್ನಲ್ಲ, ಈ ಸಾಗಣೆಗೆ ಬೇಕಾದ ಎಆರ್‌ಎಫ್1 ಪ್ರೋಟೀನನ್ನು ಚಾಲೂ ಮಾಡುವ ಜೀವಕೋಶದ ಯಂತ್ರವನ್ನು. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದರೆ ಮಂಗಳೂರಿಗೆ ಹೊರಟ ಆಂಬ್ಯುಲೆನ್ಸೂ ನಿಲ್ಲುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಇಲ್ಲಿಯವರು ನೋಡಿದ್ದೇ. ಜೀವಕೋಶದ ಪಾಡೂ ಹಾಗೆಯೇ, ಅದರ ಸ್ವಂತ ಪ್ರೋಟೀನುಗಳೂ ಒಳಗೇ ಸಿಕ್ಕಿಬೀಳುತ್ತವೆ.

ಆದ್ದರಿಂದ ಔಷಧ ಕೊಟ್ಟದ್ದು ಸೋಂಕಿನ 16ನೇ ಗಂಟೆಗೆ, ಆರೇ ಗಂಟೆಯ ಮಟ್ಟಿಗೆ. ಎಥನಾಲ್‌ನಲ್ಲಿ ಕರಗಿಸಿದ 5 ಮಿ.ಗ್ರಾಂ/ಮಿ.ಲೀ. ಸ್ಟಾಕ್, ಮಿ.ಲೀ. ಮೀಡಿಯಂಗೆ 1 ಮೈಕ್ರೋಲೀಟರ್. ಅಂದರೆ 5 ಮೈಕ್ರೋಗ್ರಾಂ. ಹೋಲಿಕೆಗೆ ಪಕ್ಕದಲ್ಲಿ ಅಷ್ಟೇ ಎಥನಾಲ್ ಮಾತ್ರ ಹಾಕಿದ ವೆಲ್‌ಗಳು. 22ನೇ ಗಂಟೆಗೆ ಮೇಲಿನ ದ್ರವ ತೆಗೆದು ಹೊಸ ಪ್ಲೇಟಿಗೆ ಹಾಕಿ ಪ್ಲಾಕ್ ಪರೀಕ್ಷೆ.

ಫಲಿತಾಂಶ ವಿಚಿತ್ರ. ಔಷಧ ಕೊಟ್ಟ ಸಾಲಿನಲ್ಲಿ, ತೆಳು ಮಾಡದ ದ್ರವ ಬಿದ್ದ ವೆಲ್ ಬಣ್ಣವನ್ನೇ ಹಿಡಿದಿರಲಿಲ್ಲ, ಜೀವಕೋಶಗಳೆಲ್ಲ ಎದ್ದುಹೋಗಿದ್ದವು. ಹತ್ತು ಪಟ್ಟು ತೆಳುವಿನಲ್ಲಿ ಹರಿದ ಕಂಬಳಿಯಂತೆ ತೇಪೆ ತೇಪೆ. ನೂರು ಪಟ್ಟಿನಲ್ಲಿ ಮಾತ್ರ ಗುಂಡಗಿನ, ಎಣಿಸಬಹುದಾದ ಕೆಲವೇ ಪ್ಲಾಕ್. ವೈರಸ್ ಇಷ್ಟೊಂದು ಇದೆಯೆಂದು ಬರೆದುಕೊಳ್ಳುವವರಿದ್ದೆವು. ಬಚಾವು ಮಾಡಿದ್ದು ವೈರಸ್ಸೇ ಇಲ್ಲದ, ಔಷಧ ಮಾತ್ರ ಇದ್ದ ದ್ರವದ ವೆಲ್: ಅದೂ ಖಾಲಿ!

ಲೆಕ್ಕ ಹಾಕಿದರೆ ಗುಟ್ಟು ಬಯಲು. ದ್ರವ 200 ಮೈಕ್ರೋಲೀಟರ್. ಅದನ್ನು ತೆಗೆಯದೆ ಮೇಲಿಂದಲೇ ವೈರಸ್ ದೂರ ಹರಡದಂತೆ ತಡೆಯುವ 800 ಮೈಕ್ರೋಲೀಟರ್ ಸಿಎಂಸಿ ಗಂಜಿ ಸುರಿಯಲಾಗಿತ್ತು. ಒಟ್ಟು ಒಂದು ಮಿ.ಲೀ.ಯಲ್ಲಿ ಒಂದು ಮೈಕ್ರೋಗ್ರಾಂ ಔಷಧ ಐದು ದಿನ ಕೂತರೆ ಜೀವಕೋಶ ಉಳಿಯುವುದುಂಟೇ? ನೂರು ಪಟ್ಟು ತೆಳುವಾದಾಗ 0.01ಕ್ಕೆ ಇಳಿದದ್ದರಿಂದ ಆ ವೆಲ್ ಬದುಕಿತು.

ಈಗ ಒಂದು ಗಂಟೆ ವೈರಸ್ ಅಂಟಲು ಬಿಟ್ಟು, ದ್ರವ ಹೀರಿ ತೆಗೆದು, ಪಿಬಿಎಸ್ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆದೇ ಗಂಜಿ. ಬ್ರೆಫೆಲ್ಡಿನ್‌ನ ಹಿಡಿತ ತೊಳೆದರೆ ಬಿಡುತ್ತದೆ, ಅದೊಂದು ಪುಣ್ಯ. ಎಣಿಕೆ ನೂರು ಪಟ್ಟಿನಿಂದ ಆಚೆಗೇ. ಹೊರಗಿನ ದ್ರವವೊಂದನ್ನೇ ನಂಬುವುದೂ ಇಲ್ಲ, ಒಳಗಿನ ವೈರಸ್ ಆರ್‌ಎನ್‌ಎಯನ್ನೂ ಅಳೆಯುತ್ತೇವೆ. ಹೊರಗೆ ಇಳಿದು ಒಳಗೆ ಉಳಿದಿದ್ದರೆ ನಿಂತದ್ದು ಸಾಗಣೆ. ಎರಡೂ ಕುಸಿದಿದ್ದರೆ ಮೊದಲು ಜೀವಕೋಶ ಬದುಕಿದೆಯೇ ಎಂದು ಎಂಟಿಟಿ ಪರೀಕ್ಷೆಯಲ್ಲಿ ನೋಡಬೇಕು.