ಬೆನ್ನು ತೋರಿಸಿ ನಿಂತ ಪುಸ್ತಕಗಳು

14 ಮಾರ್ಚ್ 2025, ಶುಕ್ರವಾರ

ವಿಮಾನ ಎರಡು ಗಂಟೆ ತಡ. ಓದುತ್ತಿದ್ದ ಪುಸ್ತಕವನ್ನು ದೊಡ್ಡ ಬ್ಯಾಗಿನ ಜೊತೆ ಲಗೇಜಿಗೆ ಕಳಿಸಿಬಿಟ್ಟಿದ್ದೆ (ಪ್ರತಿ ಸಲವೂ ಇದೇ ತಪ್ಪು). ಸರಿ, ಗೇಟಿನ ಪಕ್ಕದ ಪುಸ್ತಕದಂಗಡಿಗೆ ನುಗ್ಗಿದೆ.

ಕಾಲಿಟ್ಟ ಕೂಡಲೇ ಎದುರಾಗುವ ಆ ಮೇಜು ಗೊತ್ತಲ್ವಾ? ಬೇಗ ಶ್ರೀಮಂತರಾಗುವುದು ಹೇಗೆ, ನಸುಕಿಗೇ ಏಳುವುದು ಹೇಗೆ, ಕಂಪನಿ ಕಟ್ಟಿದವರ ಜೀವನಕಥೆ, ದಪ್ಪಕ್ಷರದ ಒಂದೆರಡು ಥ್ರಿಲ್ಲರ್. ಯಾವ ಏರ್‌ಪೋರ್ಟಿಗೆ ಹೋದರೂ ಅದೇ ಮೇಜು ನನಗಿಂತ ಮೊದಲೇ ಬಂದು ಕೂತಿರುತ್ತದೆ. ಜನ ಜಾಸ್ತಿ ಓದುವುದು ಇವನ್ನೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎಷ್ಟೋ ಕಡೆ ಆ ಜಾಗಕ್ಕೆ ಪ್ರಕಾಶಕರು ದುಡ್ಡು ಕಟ್ಟಿರುತ್ತಾರೆ. ಚೆನ್ನಾಗಿ ಮಾರಾಟವಾಯಿತು ಅಂತ ಅಲ್ಲಿಟ್ಟರೋ, ಅಲ್ಲಿಟ್ಟರು ಅಂತ ಮಾರಾಟವಾಯಿತೋ, ಯಾರಿಗೆ ಗೊತ್ತು.

ಅಂಗಡಿಯವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ಬಾಡಿಗೆ ವಿಪರೀತ, ಎಷ್ಟೋ ಕಡೆ ವ್ಯಾಪಾರದಲ್ಲೂ ಪಾಲು ಕೊಡಬೇಕು, ಜಾಗ ಅಂಗೈಯಗಲ, ಗಿರಾಕಿಯೋ ಒಂದು ಕಣ್ಣನ್ನು ಬೋರ್ಡಿಂಗ್ ಪರದೆ ಮೇಲೆ ಇಟ್ಟುಕೊಂಡೇ ಬಂದು ಐದು ನಿಮಿಷದಲ್ಲಿ ಹೊರಡುವವನು. ಮುಖಪುಟ ಕಾಣದಿದ್ದರೆ ಕೈ ಹಾಕುವುದಿಲ್ಲ. ಆದರೆ ಮುಖ ತೋರಿಸಿ ನಿಂತ ಒಂದೇ ಪುಸ್ತಕ, ಬೆನ್ನು ತೋರಿಸಿ ನಿಲ್ಲುವ ಐದಾರು ಪುಸ್ತಕಗಳ ಜಾಗ ತಿನ್ನುತ್ತದೆ. ಜಾಗ ಸಾಲದೆ ಹೊರಗುಳಿಯುವುದು ಹೊಸ ಹೆಸರುಗಳೇ.

ಒಂದು ಲಾಭ ಮಾತ್ರ ಇದೆ. ಕೆಲವು ಹೊಸ ಪುಸ್ತಕಗಳು ಊರೊಳಗಿನ ಅಂಗಡಿಯಲ್ಲಿ ಇನ್ನೂ ಹಾರ್ಡ್‌ಬೌಂಡ್ ಆಗಿದ್ದಾಗಲೇ ಇಲ್ಲಿ ದೊಡ್ಡ ಗಾತ್ರದ ಪೇಪರ್‌ಬ್ಯಾಕ್ ಆಗಿ ಸಿಗುತ್ತವೆ. ಅದಕ್ಕೆ ಏರ್‌ಪೋರ್ಟ್ ಎಡಿಷನ್ ಅಂತಲೇ ಹೆಸರು.

ಕಾಯುವವರಿಗೆ ಪುಸ್ತಕ ಮಾರುವುದು ರೈಲಿನ ಕಾಲದ ಕಸುಬು. ಡಬ್ಲ್ಯು.ಎಚ್. ಸ್ಮಿತ್ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಅಂಗಡಿ ಇಟ್ಟಿದ್ದು 1848ರಲ್ಲಿ. 1935ರಲ್ಲಿ ಪೆಂಗ್ವಿನ್ ಪೇಪರ್‌ಬ್ಯಾಕ್ ಶುರು ಮಾಡಿದ ಅಲೆನ್ ಲೇನ್ ಬಗ್ಗೆಯೂ ಒಂದು ಕಥೆ ಹೇಳುತ್ತಾರೆ: ಎಕ್ಸೆಟರ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ಹುಡುಕಿದರೆ ಓದುವಂಥದ್ದೇ ಒಂದೂ ಸಿಗಲಿಲ್ಲವಂತೆ. ಪಾಪ, ಆ ಬೇಜಾರು ನನಗೆ ಇವತ್ತು ಪೂರ್ತಿ ಅರ್ಥವಾಯಿತು.

ಕೊನೆಗೆ ಚಾರ್ಜರ್, ಕತ್ತಿನ ದಿಂಬು ನೇತುಹಾಕಿದ್ದ ಮೂಲೆಗೆ ಹೋಗಿ ಕೆಳಗಿನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಲ್ಲಿ ಎಲ್ಲವೂ ಬೆನ್ನು ತೋರಿಸಿ ನಿಂತಿದ್ದವು, ಒಂದೊಂದೇ ಪ್ರತಿ. ಕತ್ತು ಓರೆ ಮಾಡಿ ಹೆಸರು ಓದುತ್ತಾ ಹೋದರೆ ದೀಪಸ್ತಂಭ ಕಾಯುವವರ ಬಗ್ಗೆ ತೆಳ್ಳಗಿನ ಒಂದು ಪುಸ್ತಕ! ಬರೆದವರ ಹೆಸರು ನಾನು ಕೇಳಿಯೇ ಇರಲಿಲ್ಲ. ಸುಮ್ನೆ ನಡುವಿನ ಒಂದು ಪುಟ ತೆಗೆದೆ, ಮುಂದಿನ ಹನ್ನೆರಡು ಪುಟ ಅಲ್ಲೇ ಕೂತು ಮುಗಿಸಿದೆ. ಯಾರು ತರಿಸಿದ್ದರೋ ಏನೋ. ಬಿಲ್ ಹಾಕುವ ಹುಡುಗಿಯೂ ತಿರುಗಿಸಿ ತಿರುಗಿಸಿ ನೋಡಿದಳು, "ಇದು ನಮ್ಮಲ್ಲಿತ್ತಾ?" ಅಂತ.

ಅದರ ಪಕ್ಕದಲ್ಲೇ ಕವಿತೆಗಳ ಇನ್ನೊಂದು ಪುಸ್ತಕ ಇತ್ತು. ಹೊರಡುವ ಮುಂಚೆ ಅದನ್ನೆತ್ತಿ ಬೆಸ್ಟ್‌ಸೆಲ್ಲರ್ ನಂಬರ್ 4ರ ಗೂಡಿನಲ್ಲಿ ಮುಖ ಕಾಣುವ ಹಾಗೆ ನಿಲ್ಲಿಸಿ ಬಂದೆ. ಪುಕ್ಕಟೆ.