ಮಣ್ಣಿನ ವರದಿ ಜೊತೆಗೆ ಮಳೆಯ ಲೆಕ್ಕವನ್ನೂ ಕೇಳಿ

ಶಿವಮೊಗ್ಗದ ಒಂದು ಮಣ್ಣು ಪರೀಕ್ಷಾ ಲ್ಯಾಬ್‌ನಲ್ಲಿ ನನ್ನ ಕೆಲಸ. ರೈತರು ತಂದ ಮಣ್ಣು ಒಣಗಿಸಿ, ಜರಡಿ ಹಿಡಿದು, ರಸಸಾರ (ಮಣ್ಣಿನ ಹುಳಿಯ ಅಳತೆ, pH), ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಎಲ್ಲ ನೋಡಿ ವರದಿ ಕೊಡುತ್ತೇವೆ. ಕೊಟ್ಟ ಕೂಡಲೇ ಬರುವ ಪ್ರಶ್ನೆ, "ಇದ್ರಲ್ಲಿ ಏನು ಬೆಳೀಬಹುದು?" ಬರೀ ವರದಿ ನೋಡಿ ಇದಕ್ಕೆ ಉತ್ತರ ಹೇಳಬಾರದು ಅಂತ ನನಗೆ ಚೆನ್ನಾಗಿ ಮನದಟ್ಟಾಗಿದ್ದು ಇಟಲಿಯ ದ್ರಾಕ್ಷಿ ತೋಟಗಳ ಬಗ್ಗೆ ಓದಿದಾಗ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಇಟಲಿಯ ಸಿಸಿಲಿ ದ್ವೀಪದ ಎಟ್ನಾ ಜ್ವಾಲಾಮುಖಿಯ ಮೇಲೆ ವೈನ್ ದ್ರಾಕ್ಷಿ ಬೆಳೆಯೋದನ್ನ ವಿಡಿಯೋದಲ್ಲಿ ನೋಡಿ ಬಂದಿದ್ದರು. "ಮೇಡಂ, ಅದೂ ಗುಡ್ಡ, ನಮ್ದೂ ಗುಡ್ಡ. ಮಣ್ಣು ಸರಿ ಮಾಡ್ಕೊಂಡ್ರೆ ನಮ್ಮಲ್ಲಿ ಆಗಲ್ವಾ?" ಸುಮ್ನೆ ಆಗಲ್ಲ ಅಂದುಬಿಡೋಕೆ ಮನಸ್ಸಾಗಲಿಲ್ಲ. ಕೂತು ಓದಿದೆ.

ಎಟ್ನಾದ ಮಣ್ಣು ಲಾವಾ, ಬೂದಿ, ಮರಳು ಸೇರಿದ್ದು, ನೀರು ನಿಲ್ಲೋದೇ ಇಲ್ಲ. ಆದರೆ ಬೆಟ್ಟ ಒಂದೇ ಆದ್ರೂ ಬೆಳೆ ಒಂದೇ ಅಲ್ಲ. ಪೂರ್ವದ ಇಳಿಜಾರು ಸಮುದ್ರಕ್ಕೆ ಮುಖ ಮಾಡಿದೆ, ಮಳೆ ಜಾಸ್ತಿ, ಅಲ್ಲಿ ಮೀಲೋ ಊರಿನ ಸುತ್ತ ಕಾರಿಕಾಂತೆ ಅನ್ನೋ ಬಿಳಿ ದ್ರಾಕ್ಷಿಗೆ ಹೆಸರು. ಉತ್ತರದ ಕಡೆ ಮಳೆ ಕಮ್ಮಿ, ರಾತ್ರಿ ಚಳಿ, ಅಲ್ಲಿ ನೆರೆಲ್ಲೋ ಮಸ್ಕಲೇಸೆ ಅನ್ನೋ ಕೆಂಪು ತಳಿಯದೇ ರಾಜ್ಯ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದವರೆಗೂ ತೋಟಗಳಿವೆ. ಮೇಲೆ ಹೋದಷ್ಟೂ ಹಣ್ಣಾಗೋದು ತಡ, ಅಕ್ಟೋಬರ್‌ವರೆಗೂ ಕೊಯ್ಲು ನಡೆಯುತ್ತೆ. ಲಾವಾ ಹರಿದ ಕಾಲವೂ ಜಾಗದಿಂದ ಜಾಗಕ್ಕೆ ಬೇರೆ, ಹಾಗಾಗಿ ಪಕ್ಕಪಕ್ಕದ ತೋಟದ ಮಣ್ಣೂ ಒಂದೇ ಥರ ಇರಲ್ಲ.

ನನಗೆ ಮುಖ್ಯ ಅನಿಸಿದ್ದು ಮಳೆಯ ಕಾಲ. ಅಲ್ಲಿ ಮಳೆ ಹೆಚ್ಚಾಗಿ ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ಮಲಗಿರುವಾಗ. ಬೇಸಿಗೆ ಒಣ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಆರೋಕೆ ಪುರುಸೊತ್ತೇ ಇರಲ್ಲ, ದ್ರಾಕ್ಷಿ ಬಳ್ಳಿ ನಮ್ಮ ಸೆಕೆಯಲ್ಲಿ ಪೂರ್ತಿ ಮಲಗೋದೂ ಇಲ್ಲ. ಒದ್ದೆ ಎಲೆ ಅಂದ್ರೆ ಬೂಜು ರೋಗ. ನಮ್ಮ ಅಡಿಕೆಯ ಕೊಳೆ ರೋಗ ಬರೋದೂ ಹೀಗೇ, ನೀರಿದ್ದಲ್ಲಿ ಈಜಿಕೊಂಡು ಹರಡೋ ಜಾತಿಯದೇ ಅದರ ರೋಗಾಣು. ನಾವು ಅಡಿಕೆ ಗೊನೆಗೆ ಹೊಡೆಯೋ ಬೋರ್ಡೋ ದ್ರಾವಣವನ್ನ (ಮೈಲುತುತ್ತ, ಸುಣ್ಣ ಕಲಸಿದ್ದು) 1880ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಕಂಡುಹಿಡಿದದ್ದೇ ದ್ರಾಕ್ಷಿಯ ಬೂಜು ರೋಗಕ್ಕೆ! ನಮ್ಮ ಮಳೆಗಾಲದಲ್ಲಿ ಅಡಿಕೆ ಉಳಿಸೋದೇ ಇಷ್ಟು ಕಷ್ಟ, ತೆಳು ಸಿಪ್ಪೆಯ ಹಣ್ಣು ಉಳಿಯೋದು ಹೇಗೆ?

ಮಣ್ಣೂ ಮಳೆಯಿಂದಲೇ ಹೀಗಾಗಿದೆ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಸುಣ್ಣ, ಪೊಟ್ಯಾಷ್ ಮಳೆಗೆ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿರುತ್ತೆ, ಅದಕ್ಕೇ ಹುಳಿ ಜಾಸ್ತಿ. ಸುಣ್ಣ ಹಾಕಿ ರಸಸಾರ ಏರಿಸಬಹುದು. ಮಳೆಗೆ ಏನು ಹಾಕ್ತೀರಿ?

ಇದನ್ನೆಲ್ಲ ಅವರಿಗೆ ಹೇಳಿದೆ. "ಹಂಗಾರೆ ಶಿಕಾರಿಪುರದ ಕಡೆ ನಮ್ಮ ಬಾವನ ಜಮೀನಲ್ಲಿ?" ಅಂತ ತಕ್ಷಣ ಕೇಳಿದರು. ಅದು ಸರಿಯಾದ ಪ್ರಶ್ನೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಶಿಕಾರಿಪುರಕ್ಕೆ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ. ಅಲ್ಲಿಯ ಮಣ್ಣು ತನ್ನಿ, ನೋಡೋಣ ಅಂದೆ.

ಈಗ ಮಣ್ಣಿನ ಚೀಲದ ಜೊತೆ ಇಡುವ ಚೀಟಿಯ ಹಿಂದೆ ಇನ್ನಷ್ಟು ಬರೆಸಿಕೊಳ್ತೀನಿ. ಗದ್ದೆಯಾ, ತೋಟವಾ, ಗುಡ್ಡದ ಧರೆಯಾ, ಇಳಿಜಾರು ಯಾವ ದಿಕ್ಕಿಗೆ, ಮಳೆ ನಿಂತ ಮೇಲೆ ನೀರು ಎಷ್ಟು ಹೊತ್ತು ನಿಲ್ಲುತ್ತೆ, ಬಸಿಗಾಲುವೆ ಇದೆಯಾ. ನೀವು ಯಾವ ಲ್ಯಾಬಿಗೆ ಮಣ್ಣು ಕೊಟ್ಟರೂ, ಅವರು ಕೇಳದಿದ್ದರೂ, ಇದಿಷ್ಟನ್ನೂ ಬರೆದುಕೊಡಿ.